ನರಹರಿರಾಯರ ದನಿ

"ಥೇಟ್ ನರಹರಿರಾಯರ ದನೀನಽ ನೋಡ್ರಿ. ಕಣ್ಣ ಮುಚ್ಚಿಕೊಂಡ ಕೇಳಿದ್ರ ಅವರಽ ಕೂತು ಸಂಕಲ್ಪ ಹೇಳ್ಲಿಕ್ಕತ್ತಾರೇನೋ ಅನಸ್ತದ," ಎಂದಿದ್ದರು ದತ್ತಾತ್ರೇಯಾಚಾರ್ಯರು, ಶ್ರಾದ್ಧದ ಊಟ ಮುಗಿಸಿ ಕೈತೊಳೆದು, ಒದ್ದೆ ಕೈಯನ್ನು ಫ್ಯಾನಿನ ಗಾಳಿಗೆ ಹಿಡಿದು. ಹೇಳಿದ್ದು ಪ್ರಫುಲ್ಲಾಳ ತಮ್ಮ ಜಯತೀರ್ಥನನ್ನು ಕುರಿತು. ಅಪ್ಪನ ದನಿ ತನಗೆ ಬಂದಿದೆ ಎಂಬ ಮಾತಿಗೆ ಜಯತೀರ್ಥ ಹೊಸ ಅಂಗಿ ತೊಟ್ಟವನ ಹಾಗೆ ಸಂಕೋಚಪಟ್ಟ. ಅವನ ಹೆಂಡತಿ ಸುಭದ್ರಾ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಹೌದ್ರಿ ಆಚಾರ್ರ. ಹೊರಗಿಂದ ಇವರು 'ಸುಭದ್ರಾ' ಅಂತ ಕರದ್ರ ನಾ ಇವತ್ತಿಗೂ ಸೆರಗ ಸರಿ ಮಾಡಿಕೊಂಡಽ ಹೋಗ್ತೀನಿ, ಮಾವನವರಽ ಕರದ್ರೇನೋ ಅಂತ," ಎಂದಳು. ಎಲ್ಲರೂ ನಕ್ಕರು. ನಕ್ಕು ಮುಗಿಸಿ ಎಲ್ಲರೂ ಪ್ರಫುಲ್ಲಾಳ ಕಡೆ ನೋಡಿದರು. ಹಿರಿಮಗಳಲ್ಲವೇ, ಅಪ್ಪನನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡಿದ್ದವಳಲ್ಲವೇ, ಮೊಹರು ಒತ್ತಬೇಕಾದವಳು ಅವಳೇ. "ಹೌದಲ್ಲೇನ್ರಿ ಅಕ್ಕಾ?" ಎಂದಳು ಸುಭದ್ರಾ. ಪ್ರಫುಲ್ಲಾ ಹೌದೆಂದು ತಲೆಯಾಡಿಸಿದಳು.

ಆ ತಲೆಯಾಡಿಸಿದ್ದು ಗುರುವಾರ. ಇವತ್ತು ಭಾನುವಾರ. ಹೈದರಾಬಾದಿನ ಹಿಮಾಯತ್‌ನಗರದ ಮನೆಯಿಂದ ಹೊರಟು ಅಮೀರಪೇಟದಲ್ಲಿ ಬಸ್ಸು ಬದಲಿಸಿ, ಬಾಲಾನಗರದ ಬಸ್ಸಿನಲ್ಲಿ ಹೆಂಗಸರ ಸೀಟಿನ ಕಿಟಕಿಗೆ ಆತು ಕೂತಿದ್ದರೂ ಅದು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆಚೂರಿನಂತೆ ಅವಳನ್ನು ಬಿಟ್ಟಿರಲಿಲ್ಲ. ಯಾಕೆಂದರೆ ಅದು ಸುಳ್ಳು. ಒಂದು ದನಿ ಇನ್ನೊಂದನ್ನು ಹೋಲುತ್ತದೆ ಎನ್ನಬೇಕಾದರೆ ಎರಡೂ ದನಿ ಗೊತ್ತಿರಬೇಕು. ತಮ್ಮನದು ಕಿವಿಯಲ್ಲಿತ್ತು; ಅಪ್ಪನದು ಇರಲಿಲ್ಲ. ಆಚಾರ್ಯರ ಮಾತು ಕೇಳಿದ ಗಳಿಗೆಯಲ್ಲಿ ಅವಳು ಮನಸ್ಸಿನೊಳಗೆ ಕೈಹಾಕಿ ಹುಡುಕಿದ್ದಳು, ದಿನಾ ಇಡುವ ಮೊಳೆಯ ಮೇಲೆ ಕೀಲಿಕೈ ಇದ್ದೇ ಇರುತ್ತದೆ ಎಂಬ ಧೈರ್ಯದಲ್ಲಿ. ಮೊಳೆ ಇತ್ತು, ಕೀಲಿಕೈ ಇರಲಿಲ್ಲ. ಯಾವಾಗ ಹೋಯಿತು? ಅಪ್ಪ ಹೋಗಿ ಇಪ್ಪತ್ತು ವರ್ಷದ ಹತ್ತಿರ ಬಂತು. ಅವರ ಎಡಗಾಲಿನ ಸೊಟ್ಟ ಉಗುರು ಕಣ್ಣಿಗೆ ಕಟ್ಟಿದ ಹಾಗಿದೆ. ಸಂಜೆ ಕಾರ್ಖಾನೆಯಿಂದ ಬಂದು ಬಿಚ್ಚಿಟ್ಟ ಅಂಗಿಗೆ ಬರುತ್ತಿದ್ದ, ಬೆಸುಗೆ ಹಾಕುವಾಗ ಕರಗುವ ರಾಳದ ವಾಸನೆ ಈಗಲೂ ಮೂಗಿನ ತುದಿಗೇ ಇದೆ. ಆಡಿದ ಮಾತುಗಳೂ ಇವೆ, ರಾಶಿ ರಾಶಿ. ಆದರೆ ಕಾರ್ಖಾನೆಯ ಕಾಲೊನಿಯ ಬಯಲಿನಲ್ಲಿ ಬಿಳಿ ಪರದೆ ಕಟ್ಟಿ ತೋರಿಸುತ್ತಿದ್ದ ಸಿನಿಮಾಕ್ಕೆ ನಡುವೆ ಎಲ್ಲೋ ದನಿ ಕೈಕೊಟ್ಟು, ನಾಯಕ ಬರೀ ಬಾಯಿ ಆಡಿಸುತ್ತ ಅಳುತ್ತಿರುವಾಗ ಮಂದಿ ಶಿಳ್ಳೆ ಹಾಕುತ್ತಿದ್ದರಲ್ಲ, ಹಾಗೆ ಅಪ್ಪ ಅವಳೊಳಗೆ ಬಾಯಿ ಆಡಿಸುತ್ತಿದ್ದರು. ಶಿಳ್ಳೆ ಹಾಕಲೂ ಅಲ್ಲಿ ಯಾರೂ ಇರಲಿಲ್ಲ.

ಅದೂ ಯಾರಿಗೆ? ಪ್ರಫುಲ್ಲಾಳಿಗೆ! ಊರೂರಿಗೆ ಫೋನ್ ಹಚ್ಚಿಕೊಡುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನು ಹಾಕಿಕೊಂಡು ಕೂದಲು ಬೆಳ್ಳಗೆ ಮಾಡಿಕೊಂಡವಳಿಗೆ. ಬೇಗಂಬಜಾರಿನ ಬೆಲ್ಲದ ವ್ಯಾಪಾರಿಗಳನ್ನು ಒಂದು 'ಹಲೋ'ದಲ್ಲೇ ಗುರುತು ಹಿಡಿದು, "ಸೇಠ್‌ಜಿ, ಇವತ್ತು ನೆಗಡಿಯೇನು?" ಎಂದು ಕೇಳಿ ಸೂಪರ್‌ವೈಸರಳಿಂದ ಬೈಸಿಕೊಂಡವಳಿಗೆ. ಅಪ್ಪನ ಹಳೆಯ ಗೆಳೆಯ ಬಸವಲಿಂಗಪ್ಪನವರನ್ನು ಒಂದು ಮಾತು ಕೇಳಿ ಬರುತ್ತೇನೆ ಎಂದಷ್ಟೇ ಗಂಡ ಪ್ರಹ್ಲಾದನಿಗೆ ಹೇಳಿದರೆ ಕ್ರಿಕೆಟ್ಟಿನಿಂದ ಕಣ್ಣು ತೆಗೆಯದೆ, "ಮತ್ತ ಬಾಲಾನಗರಕ್ಕ ಯಾಕ ಹೋಗ್ತೀ, ಬಸವಲಿಂಗಪ್ಪನವರಿಗೆ ಫೋನ್ ಮಾಡಿ ಕೇಳು," ಎಂದಿದ್ದ. ಫೋನಿನಲ್ಲಿ ಕೇಳುವಂಥದೇ ಅದು? ಅಪ್ಪ ಒಮ್ಮೆ ಫೋನಿನಲ್ಲಿ ಸಿಕ್ಕಿದ್ದರು. ಕೆಲಸಕ್ಕೆ ಸೇರಿದ ಹೊಸತು, ಬೋರ್ಡಿನಲ್ಲಿ ದೀಪ ಹತ್ತಿದಲ್ಲೆಲ್ಲ ತಂತಿ ಚುಚ್ಚುತ್ತ ಕೂತಿದ್ದಾಗ ಒಂದು ಕೆಮ್ಮು, ಆಮೇಲೆ, "ಮೇಡಂ, ವಿಜಾಪುರ ಜರಾ ಜಲ್ದೀ ಲಗಾ ದೋ. ಅಮ್ಮಾ ಕೀ ತಬಿಯತ್ ಠೀಕ್ ನಹೀಂ." ಬೇಗ ಹಚ್ಚಿಕೊಡಿ, ತಾಯಿಗೆ ಹುಷಾರಿಲ್ಲ. ಬೆನ್ನ ಹಿಂದೆ ಸೂಪರ್‌ವೈಸರ್ ನಿಂತಿದ್ದಳು. ಅಪ್ಪಾ ಎನ್ನಬೇಕಾದ ಬಾಯಿಂದ "ಲೈನ್ ಪರ್ ರಹಿಯೇ," ಲೈನಿನಲ್ಲೇ ಇರಿ, ಎಂದಳು. ಸಾಲಿನಲ್ಲಿದ್ದ ಬೇರೆಯವರನ್ನೆಲ್ಲ ದಾಟಿಸಿ ವಿಜಾಪುರ ಹಚ್ಚಿಕೊಟ್ಟಳು. "ಶುಕ್ರಿಯಾ ಮೇಡಂ," ಎಂದಿದ್ದರು ಅಪ್ಪ, ತಮ್ಮ ಮಗಳಿಗೆ. ಆ ಸಂಜೆ ಊಟಕ್ಕೆ ಕೂತಾಗ, "ಇವತ್ತ ಟ್ರಂಕ್ ಕಾಲಿನ್ಯಾಗ ಒಬ್ಬಾಕಿ ಹುಡುಗಿ ಸಿಕ್ಕಿದ್ಲು ನೋಡು, ಭಾಳ ಶಾಣ್ಯಾಕಿ. ಯಾರ ಮನೀಯಾಕಿನೋ ಏನೋ," ಎಂದು ಮೊಸರನ್ನ ಕಲಸಿದರು. ನಾನೇ ಅಪ್ಪಾ ಎಂದು ಆಗಲೂ ಅನ್ನಲಿಲ್ಲ ಅವಳು. ಮೇಡಂ ಎನಿಸಿಕೊಂಡದ್ದಕ್ಕೆ ನಾಚಿಕೆಯಾಗಿತ್ತು.

ಬಸ್ಸು ಫತೇನಗರದ ಸೇತುವೆ ಹತ್ತಿತು. ಕೆಳಗೆ ರೈಲ್ವೆ ಹಳಿ, ಆಚೆ ತಗಡಿನ ಶೆಡ್ಡುಗಳು, ಲೇತು ಮಶೀನಿನ ಅಂಗಡಿಗಳು, ಭಾನುವಾರವೂ ಕಬ್ಬಿಣ ಕೊಯ್ಯುವ ಕಿರುಚಾಟ. ಕಾರ್ಖಾನೆಗಳಿರುವ ಜೀಡಿಮೆಟ್ಲಾ ಕಡೆಯಿಂದ ಗಾಳಿ ತಿರುಗಿ, ಕೊಳೆತ ಹಣ್ಣಿಗೆ ಔಷಧ ಸುರಿದಂಥ ನಾತ ಬಂದು ಬಸ್ಸಿನವರೆಲ್ಲ ಮೂಗಿಗೆ ಬಟ್ಟೆ ಹಿಡಿದರು. ಪ್ರಫುಲ್ಲಾ ಹಿಡಿಯಲಿಲ್ಲ. ಅವಳು ಬೆಳೆದದ್ದು ಇಲ್ಲೇ; ಈ ರಸ್ತೆಯಲ್ಲಿ ಮೊದಲು ಇಷ್ಟು ಶೆಡ್ಡು ಇರಲಿಲ್ಲ. ಕಾಲೊನಿಯಿಂದ ಸನತ್‌ನಗರದ ಶಾಲೆಯ ತನಕ ಸೈಕಲ್ ರಿಕ್ಷಾ ಹೋಗುತ್ತಿತ್ತು, ಎರಡೂ ಕಡೆ ಜಾಲಿಗಿಡ. ಬೆಳಿಗ್ಗೆ ತಾವೂ ಶಿಫ್ಟ್ ಬಸ್ಸಿಗೆ ಓಡಬೇಕಾದವರು ಅಪ್ಪ, ಡಬ್ಬಿಯ ಚೀಲ ಕಂಕುಳಲ್ಲಿ ಇರುಕಿಕೊಂಡು ಗೇಟಿನ ತನಕ ಬಂದು ರಿಕ್ಷಾದ ಚಪ್ಪರದ ಮೇಲೆ ಕೈಯಿಟ್ಟು, ಒಮ್ಮೆ ಕೆಮ್ಮಿ, ರಿಕ್ಷಾದವನಿಗೆ ಹೇಳುತ್ತಿದ್ದರು: "ಜರಾ ಆಹಿಸ್ತಾ ಮಿಯಾಂ, ಬಚ್ಚೀ ಬೈಠೀ ಹೈ." ನಿಧಾನ, ಒಳಗೆ ಕೂಸು ಕೂತಿದೆ. ಅವಳು ಕೂಸಾಗಿದ್ದಾಗ ಹೇಳಿದರು, ಎರಡು ಜಡೆ ಹಾಕಿ ಹೈಸ್ಕೂಲಿಗೆ ಹೋಗುವಾಗಲೂ ಹೇಳಿದರು. ಸೀರೆ ಉಟ್ಟು ಎಕ್ಸ್‌ಚೇಂಜಿನ ಕೆಲಸಕ್ಕೆ ಆಟೋದಲ್ಲಿ ಹೊರಟ ಮೊದಲ ದಿನವೂ ಆಟೋದವನಿಗೆ ಹೇಳಿದಾಗ ಅವಳು, "ಅಪ್ಪಾ, ಸಾಕ ಮಾಡ್ರಿ," ಎಂದು ಮುಖ ಆಚೆ ತಿರುಗಿಸಿದ್ದಳು. ಆ ಮಾತು ಒಂದು ಅಕ್ಷರ ಬಿಡದೆ ನೆನಪಿದೆ. ಈಗ ಬಸ್ಸಿನ ಗದ್ದಲದಲ್ಲಿ ತುಟಿಯೊಳಗೇ ಹೇಳಿಕೊಂಡು ನೋಡಿದಳು. ತನ್ನ ದನಿಯಲ್ಲೇ ಬಂತು. ಜಯತೀರ್ಥನ ದನಿಯಲ್ಲಿ ಹಾಕಿ ನೋಡಿದಳು. ಬ್ಯಾಂಕಿನ ಕೌಂಟರಿನಿಂದ ಯಾರನ್ನೋ ಮುಂದಿನ ಕಿಟಕಿಗೆ ಹೋಗಿ ಎಂದ ಹಾಗೆ ಕೇಳಿಸಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಏಮಂಡೀ?" ಎಂದಳು. "ಏಮೀ ಲೇದು," ಏನಿಲ್ಲ ಎಂದು ಪ್ರಫುಲ್ಲಾ ಕಿಟಕಿಯ ಕಡೆ ತಿರುಗಿದಳು.

ಆ ದನಿ ಇನ್ನು ಉಳಿದಿದ್ದರೆ ಒಂದೇ ಕಡೆ ಉಳಿದಿರಬೇಕು, ಬಸವಲಿಂಗಪ್ಪನವರ ಗಂಟಲಲ್ಲಿ. ಅಪ್ಪನ ಸೆಕ್ಷನ್ನಿನಲ್ಲೇ, ಅಪ್ಪನ ಪಕ್ಕದ ಬೆಂಚಿನಲ್ಲೇ ವಿಮಾನದ ರೇಡಿಯೋಗಳಿಗೆ ತಂತಿ ಬೆಸೆಯುತ್ತಿದ್ದವರು. ಶಿಫ್ಟ್ ಬಸ್ಸಿನಲ್ಲಿ ಒಂದೇ ಸೀಟು. ಕಾಲೊನಿಯ ಕನ್ನಡ ಸಂಘಕ್ಕೆ ನವೆಂಬರ್ ಬಂತೆಂದರೆ ಅವರದೇ ರಾಜ್ಯ. ಯಾರ ದನಿ ಬೇಕಾದರೂ ತೆಗೆಯುತ್ತಿದ್ದರು. ಮದ್ರಾಸಿನ ಫೋರ್‌ಮನ್ನು, ಕ್ಯಾಂಟೀನಿನ ನಾಯರು, ಸೆಕ್ಯೂರಿಟಿಯ ಸರ್ದಾರ್ಜಿ ಎಲ್ಲ ಮುಗಿದ ಮೇಲೆ ಮಂದಿ, "ನರಹರಿರಾಯರು! ನರಹರಿರಾಯರು!" ಎಂದು ಕೂಗಬೇಕು, ಬಸವಲಿಂಗಪ್ಪನವರು ನಾಚಿದಂತೆ ಮಾಡಿ ಹೆಗಲಿಗೆ ಟವೆಲ್ ಹಾಕಿಕೊಳ್ಳಬೇಕು. ಐಟಂ ಇಷ್ಟೇ. ನರಹರಿರಾಯರ ಪಕ್ಕದ ಮನೆಗೆ ಬೆಂಕಿ ಬಿದ್ದಿದೆ, ರಾಯರು ಅಗ್ನಿಶಾಮಕದವರಿಗೆ ಫೋನ್ ಮಾಡುತ್ತಾರೆ. "ಹಲೋ… ಹ್ಞಾಂ… ನಮಸ್ಕಾರ್ರೀ. ಮೊದಲ ನೀವೆಲ್ಲಾ ಆರಾಮ ಇದ್ದೀರಿಲ್ಲೋ? ಅದೇನಾತಂದ್ರ… ನಮ್ಮ ಬಾಜೂಮನಿ ಗೋದಾಬಾಯಿ ಇದ್ದಾರಲ್ರೀ… ಅವರು ಹಪ್ಪಳಾ ಕರೀಲಿಕ್ಕೆ ಎಣ್ಣಿ ಇಟ್ರು… ಹಪ್ಪಳಾ ಮಾತ್ರ ಭಾಳ ಛಲೋ ಮಾಡ್ತಾರ ಬಿಡ್ರಿ, ಉದ್ದಿನ ಹಪ್ಪಳಾ…" ಹೀಗೆ ಹಪ್ಪಳದಿಂದ ಉದ್ದಿಗೆ, ಉದ್ದಿನಿಂದ ವಿಜಾಪುರದ ಪೇಟೆಗೆ ಹೋಗಿ, ಕೊನೆಗೆ ಹಿಂತಿರುಗಿ ನೋಡಿ, "ಇರ್ಲಿ ಬಿಡ್ರಿ, ಇನ್ನ ಬರೂದು ಬ್ಯಾಡ. ಮನಿ ಪೂರಾ ಸುಟ್ಟದ. ನಿಮಗ್ಯಾಕ ಸುಮ್ಮನ ತ್ರಾಸ," ಎಂದು ಫೋನ್ ಇಡುವಷ್ಟರಲ್ಲಿ ಜಮಖಾನೆಯ ಮೇಲೆ ಕೂತ ಕಾಲೊನಿಯೆಲ್ಲ ಹೊಟ್ಟೆ ಹಿಡಿದುಕೊಂಡು ಉರುಳುತ್ತಿತ್ತು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವರು ಅಪ್ಪ. ಕರ್ಚೀಫಿನಿಂದ ಕಣ್ಣೊರೆಸಿಕೊಂಡು, "ಹಾಳಾದವನು, ಬರೋಬ್ಬರಿ ಹಿಡೀತಾನ ನೋಡು," ಎಂದು ಆಚೀಚೆಯವರಿಗೆ ಹೇಳುತ್ತಿದ್ದರು.

ಒಂದು ವರ್ಷ ಮಾತ್ರ ಆ ನಗೆ ಪ್ರಫುಲ್ಲಾಳ ಕಿವಿಗೆ ಬೇರೆಯಾಗಿ ಬಿತ್ತು. ಶಾಲೆಯ ಗೆಳತಿಯರು ಬಂದಿದ್ದರು, ಅದಕ್ಕೋ ಏನೋ. ಅಪ್ಪ ನಿಧಾನ ಎಂದು, ಅಪ್ಪ ಮುಗ್ಧ ಎಂದು, ಅಪ್ಪ ಮಡಿ ಆಚಾರದವರ ಕನ್ನಡ ಆಡುತ್ತಾರೆ ಎಂದು ಇವರೆಲ್ಲ ನಗುತ್ತಿದ್ದಾರೆ, ಅಪ್ಪನಿಗೆ ಅದು ತಿಳಿಯುವುದೂ ಇಲ್ಲ ಎನಿಸಿ ಕೆನ್ನೆ ಉರಿಯಿತು. ಎದ್ದು ಪರದೆಯ ಹಿಂದೆ ಹೋಗಿದ್ದಳು. ಹೋಗಿ ಹೇಳಿದ್ದಳು. ಮುಂದಿನ ವರ್ಷ ಮಂದಿ ಎಷ್ಟು ಕೂಗಿದರೂ ಬಸವಲಿಂಗಪ್ಪನವರು ಕೈಮುಗಿದು ಒಳಗೆ ಹೋದರು. ಆ ರಾತ್ರಿ ಮನೆಗೆ ಬರುವಾಗ ಅಪ್ಪ, "ಈ ಸಲ ನಮ್ಮ ಐಟಂ ಇದ್ದಿದ್ದಿಲ್ಲಲ್ಲಾ. ಯಾಕ ಬಿಟ್ಟನೋ ಏನೋ. ನಾ ಅಂತೂ ಏನೂ ಅಂದಿಲ್ಲಪಾ ಅವಗ," ಎಂದದ್ದು, ಆ ಬೀದಿದೀಪದ ಕೆಳಗೆ ಅವರ ಮುಖ ಒಂದು ಕ್ಷಣ ಬೆಳಕಿಗೆ ಬಂದು ಮತ್ತೆ ಕತ್ತಲಾದದ್ದು, ತಾನು ಜಯತೀರ್ಥನ ಕೈ ಹಿಡಿದು ಮುಂದೆ ಮುಂದೆ ನಡೆದದ್ದು, ಇವನ್ನು ಯಾವ ವರ್ಷವೂ ಅವಳಿಂದ ಕಿತ್ತುಕೊಂಡಿರಲಿಲ್ಲ. ಉಳಿಯಬೇಕಾದದ್ದು ಹೋಗುತ್ತದೆ, ಹೋಗಲಿ ಅಂದುಕೊಂಡದ್ದು ಉಳಿಯುತ್ತದೆ.

ಬಸವಲಿಂಗಪ್ಪನವರ ಮನೆಯ ಗೇಟು ತೆರೆಯುವಷ್ಟರಲ್ಲೇ ಒಳಗಿಂದ ಅವರ ಹೆಂಡತಿ ಶಿವದೇವಿ, "ಯಾರದು?" ಎಂದವರು ಕನ್ನಡಕ ಏರಿಸಿ ನೋಡಿ, "ಅಯ್ಯ ಶಿವನಽ, ನರಹರಿರಾಯರ ಪ್ರಫುಲ್ಲವ್ವ! ಬಾ ಯವ್ವಾ. ಯಾರದು ಲಗ್ನ? ಮೊದಲ ಕಾರ್ಡ್ ಕೊಡು, ಆಮ್ಯಾಲೆ ಚಾ ಕೊಡ್ತೀನಿ," ಎಂದರು.

"ಲಗ್ನ ಅಲ್ರಿ ಕಾಕೂ. ಸುಮ್ಮನ ಬಂದೆ."

"ಸುಮ್ಮನ ಬಾಲಾನಗರಕ್ಕ ಯಾರ ಬರ್ತಾರ? ಈ ನಾತಾ ಕುಡ್ಯಾಕ? ಏ ಇವರಽ, ಇಲ್ಲಿ ಬರ್ರಿ, ಯಾರ ಬಂದಾರ ನೋಡ್ರಿ!"

ಬಸವಲಿಂಗಪ್ಪನವರು ಬಾಗಿಲಿಗೆ ಬಂದವರು ಬಾಯಿ ಮುಚ್ಚಿಕೊಂಡೇ ಕೈಯಾಡಿಸಿ ತಿರುಗಿ ಒಳಗೆ ಹೋದರು. "ಹಲ್ಲಿನ ಸೆಟ್ ಹಾಕ್ಕೊಳ್ಳಾಕ ಹೋದ್ರು," ಎಂದರು ಶಿವದೇವಿ. "ಅದನ್ನ ಹಾಕಿಸಿದಾಗಿಂದ ಇವರ ದನಿ ಇವರಿಗೇ ಬರವಲ್ದು. ಮೊನ್ನೆ ಫೋನಿನ್ಯಾಗ ಮಗನಽ ಯಾರು ಮಾತಾಡೂದು ಅಂತ ಕೇಳಿದ." ಪ್ರಫುಲ್ಲಾ ತಂದಿದ್ದ ಬಿಸ್ಕಿಟ್ ಪೊಟ್ಟಣವನ್ನು ಅವರ ಕೈಗಿಟ್ಟು ನಕ್ಕಳು.

ಚಹಾ ಬಂತು. ಬಸವಲಿಂಗಪ್ಪನವರು ಆರಾಮ ಕುರ್ಚಿಯಲ್ಲಿ ಕೂತು ಹಳೆಯವರ ಸುದ್ದಿ ಒಂದೊಂದೇ ತೆಗೆದರು. ತಿಪ್ಪೇಸ್ವಾಮಿ ಚಿತ್ರದುರ್ಗಕ್ಕೆ ಹೋಗಿಬಿಟ್ಟ. ಶಿವಾನಂದನಿಗೆ ಕಣ್ಣಿನ ಆಪರೇಶನ್. ಫೋರ್‌ಮನ್ನು ಹೋದ ವರ್ಷ ತೀರಿಕೊಂಡ, ಪೇಪರಿನಲ್ಲಿ ಫೋಟೋ ಬಂದಿತ್ತು. ಫೋರ್‌ಮನ್ನು ಹೀಗಂದ, ನಾಯರು ಹಾಗಂದ ಎಂದು ಹೇಳುವಾಗಲೂ ಅವರು ಯಾರ ದನಿಯನ್ನೂ ತೆಗೆಯುತ್ತಿರಲಿಲ್ಲ. ಎಲ್ಲರೂ ಬಸವಲಿಂಗಪ್ಪನವರ ದನಿಯಲ್ಲೇ, ಹೊಸ ಹಲ್ಲಿನ ಸಣ್ಣ ಶಿಳ್ಳೆಯ ಜೊತೆಗೆ ಮಾತಾಡುತ್ತಿದ್ದರು. ಪ್ರಫುಲ್ಲಾ ಹ್ಞೂಂ, ಹ್ಞೂಂ ಎನ್ನುತ್ತಿದ್ದಳು. ಹೇಗೆ ಕೇಳುವುದು? ಬಸ್ಸಿನಲ್ಲಿ ಕೂತು ನಾಲ್ಕಾರು ನಮೂನೆ ಸಜ್ಜುಮಾಡಿಕೊಂಡಿದ್ದಳು. 'ಕಾಕಾ, ನಿಮಗ ನೆನಪಿದ್ರ…' ಅಂತ ಒಂದು. 'ಮೊನ್ನೆ ಅಪ್ಪನ ಶ್ರಾದ್ಧದಾಗ ಮಾತ ಬಂತು…' ಅಂತ ಒಂದು. ಎಪ್ಪತ್ತು ದಾಟಿದ, ಮಂಡಿ ನೋವಿನ ಮನುಷ್ಯನನ್ನು ಭಾನುವಾರ ಮಧ್ಯಾಹ್ನ ಎಬ್ಬಿಸಿ ನಿಲ್ಲಿಸಿ ಆಟ ಆಡಿ ತೋರಿಸು ಎನ್ನುವುದೇ? ಅದೂ ಅಂದು ಆ ಆಟವನ್ನು ನಿಲ್ಲಿಸಿದವಳು? ಮಾತಿನ ನಡುವೆ ಒಂದು ತೆರಪು ಬಂತು. ಶಿವದೇವಿ ಬಸಿಯಲ್ಲಿ ಉಳಿದ ಚಹಾ ಹೀರುತ್ತಿದ್ದರು. ಸಜ್ಜುಮಾಡಿದ ಮಾತೆಲ್ಲ ಎಲ್ಲಿ ಹೋಯಿತೋ, ಅವಳ ಬಾಯಿಂದ ಬಂದದ್ದು ಸಂಘದ ಜಮಖಾನೆಯ ಮೇಲೆ ಕೂತ ಮಂದಿಯ ಕೂಗು:

"ಕಾಕಾ, ನಮ್ಮಪ್ಪನ್ನ ಮಾಡ್ರಿ."

ಬಸಿ ಶಿವದೇವಿಯವರ ತುಟಿಯ ಹತ್ತಿರವೇ ನಿಂತಿತು. ಬಸವಲಿಂಗಪ್ಪನವರು ಅವಳನ್ನು ನೋಡಿದರು.

"ನೀನಽ ಬ್ಯಾಡ ಅಂದಿದ್ದೆಲ್ಲವಾ."

"ಅಂದಿದ್ದೆ. ಈಗ ಮಾಡ್ರಿ ಅನ್ಲಿಕ್ಕತ್ತೀನಿ." ಅವಳು ಚಹಾದ ಕಪ್ಪು ಕೆಳಗಿಟ್ಟಳು. "ನನಗ ಅಪ್ಪನ ದನಿ ನೆನಪ ಹೋಗ್ಯದ ಕಾಕಾ. ಎಲ್ಲಾ ಅದ, ದನಿ ಒಂದ ಇಲ್ಲ. ಮನ್ಯಾಗ ಯಾರಿಗೂ ಹೇಳಿಲ್ಲ. ಜಯತೀರ್ಥನ ದನಿ ಥೇಟ್ ಹಂಗಽ ಅದ ಅಂತಾರ. ನಾನೂ ಹೌದು ಅಂದು ಬಂದೀನಿ."

"ಎರಡು ಜಡಿ, ಕೆಂಪು ರಿಬ್ಬನ್," ಎಂದರು ಬಸವಲಿಂಗಪ್ಪನವರು, ಅವಳು ಹೇಳಿದ್ದನ್ನು ಕೇಳಿಸಿಕೊಳ್ಳದವರ ಹಾಗೆ. "ನಾ ಅಂಟಿಸಿದ ಮೀಸಿ ತಗ್ಯಾಕತ್ತಿದ್ದೆ. ಹಿಂದ ಬಂದು ನಿಂತು, 'ಕಾಕಾ, ಇನ್ನೊಮ್ಮೆ ನಮ್ಮಪ್ಪನ್ನ ಮಾಡಬ್ಯಾಡ್ರಿ' ಅಂದಿ. ಅಳಾಕತ್ತಿದ್ದಿಲ್ಲ ಮತ್ತ! ಕಣ್ಣ ಕೆಂಪಗ ಮಾಡಿದ್ದಿ. ಫೋರ್‌ಮನ್ನಗ ಹೆದರದಾಂವ ನಾ ನಿನಗ ಹೆದರಿದೆ ನೋಡು."

"ಅಪ್ಪಗ ಗೊತ್ತಾಗಲೇ ಇಲ್ಲ, ನೀವು ಯಾಕ ಬಿಟ್ರಿ ಅಂತ. ಭಾಳ ನೊಂದುಕೊಂಡ್ರು. ನಿಮಗೇನೋ ಬ್ಯಾಸರಾತು ಅನ್ಕೊಂಡಿದ್ರು."

"ಯಾರು, ರಾಯರು?" ಬಸವಲಿಂಗಪ್ಪನವರು ಹೆಂಡತಿಯ ಕಡೆ ತಿರುಗಿದರು. "ಕೇಳಿದೇನ? ಗೊತ್ತಾಗಲಿಲ್ಲಂತ!" ಶಿವದೇವಿ ಬಸಿ ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಯವ್ವಾ, ಮರುದಿನ ಬಸ್ಸಿನ್ಯಾಗಽ ಹೇಳಿಬಿಟ್ಟೆ ನಾ. ನನ್ನ ಹೊಟ್ಯಾಗ ಮಾತ ಎಲ್ಲಿ ನಿಂತಾವು? ಎರಡು ಸ್ಟಾಪ್ ತನಕಾ ರಾಯರು ಉಸಿರ ಬಿಡಲಿಲ್ಲ. ನಾ ಅನ್ಕೊಂಡೆ, ಸಿಟ್ಟ ಬಂತು ಇವರಿಗೆ ಅಂತ. ಆಮ್ಯಾಲೆ ಮೆಲ್ಲಗ ಅಂದ್ರು, ನನ್ನ ಪರವಾಗಿ ಜಗಳಾಡೂವಂಥಾ ಮನಷ್ಯಾ ಈ ಹೈದರಾಬಾದಿನ್ಯಾಗ ಒಬ್ಬರು ಅದಾರ ಹಂಗಾದ್ರ, ಅಂತ. ಅವತ್ತ ಸೆಕ್ಷನ್ ತುಂಬ ಹೇಳಿಕೋತ ತಿರುಗ್ಯಾಡಿದ್ರು. ನಮ್ಮ ಹುಡುಗಿ ಬಸವಲಿಂಗಪ್ಪಗ ಧಮಕಿ ಹಾಕ್ಯಾಳ ಅಂತ. ಆಕಿಗೆ ಮಾತ್ರ ಗೊತ್ತಾಗಬಾರದು ಅಂತ ಎಲ್ಲಾರಿಗೂ ತಾಕೀತು."

"ಮತ್ತ ಐಟಂ?"

"ಐಟಂ ಎಲ್ಲಿ ನಿಂತೈತಿ? ಬಸ್ಸಿನ್ಯಾಗ ಮಾಡಸ್ತಿದ್ರು. ನವೆಂಬರ್ ಬಂತಂದ್ರ, ಮಾಡಪಾ, ಈಗ ಆಕಿ ಇಲ್ಲ, ಅಂತಿದ್ರು. ರಿಟಾಯರ್ ಆಗೂತನಕಾ."

ಬೀದಿದೀಪದ ಕೆಳಗೆ ಒಂದು ಕ್ಷಣ ಬೆಳಕಿಗೆ ಬಂದ ಆ ಮುಖ ನೊಂದ ಮುಖವಾಗಿರಲಿಲ್ಲ ಹಾಗಾದರೆ. 'ಯಾಕ ಬಿಟ್ಟನೋ ಏನೋ' ಎಂದು ಓರೆಗಣ್ಣಿನಿಂದ ಮಗಳ ಮುಖ ನೋಡಿದ್ದರು ಅಪ್ಪ. ನೋಡಿ, ಅವಳು ಮುಂದೆ ಮುಂದೆ ಓಡಿದ್ದಕ್ಕೆ ಹಿಂದೆ ಕತ್ತಲಲ್ಲಿ ಒಬ್ಬರೇ ನಕ್ಕಿರಬೇಕು. ಇಷ್ಟು ವರ್ಷ ತಾನು ಜೋಪಾನ ಮಾಡಿದ ಪಾಪಕ್ಕೆ ಈಗ ಏನು ಮಾಡುವುದು? ಹೊಟ್ಟೆಯೊಳಗೆ ಅದರ ಜಾಗ ಖಾಲಿಯಾಗಿ ಒಂದು ನಮೂನೆ ಹಸಿವಾಯಿತು. ಮತ್ತೆ, ಟ್ರಂಕ್ ಕಾಲಿನ ಹುಡುಗಿ? ಭಾಳ ಶಾಣ್ಯಾಕಿ, ಯಾರ ಮನೀಯಾಕಿನೋ ಏನೋ ಎಂದು ಮೊಸರನ್ನ ಕಲಸುವಾಗ ಆ ಕಣ್ಣು ಎಲ್ಲಿತ್ತು? ತಟ್ಟೆಯ ಮೇಲಿತ್ತೋ, ತನ್ನ ಮೇಲಿತ್ತೋ? ಅದನ್ನು ಹೇಳಲು ಬಸವಲಿಂಗಪ್ಪನವರಿಂದಲೂ ಆಗುವುದಿಲ್ಲ.

"ಮಾಡ್ರಿ ಕಾಕಾ," ಎಂದಳು.

"ಏಳ್ರಿ, ಹುಡುಗಿ ಕೇಳಾಕತ್ತೈತಿ," ಎಂದರು ಶಿವದೇವಿ. "ದಿನಾ ಮಂಡಿ ಮಂಡಿ ಅಂತೀರಿ, ರಾಯರ ಹೆಸರಿಲೆ ಒಂದಿಷ್ಟು ನಿಂದರ್ರಿ."

ಬಸವಲಿಂಗಪ್ಪನವರು ಎದ್ದರು. ಕುರ್ಚಿಯ ಬೆನ್ನಿಗಿದ್ದ ಟವೆಲ್ ಹೆಗಲಿಗೆ ಬಂತು. ಹೆಬ್ಬೆರಳೂ ಕಿರುಬೆರಳೂ ಚಾಚಿ ಫೋನಾಯಿತು. ಪ್ರಫುಲ್ಲಾ ಕಣ್ಣು ಮುಚ್ಚಿದಳು, ಎಕ್ಸ್‌ಚೇಂಜಿನಲ್ಲಿ ದೂರದ ಊರಿನ ಕೆಟ್ಟ ಲೈನು ಬಂದಾಗ ಮುಚ್ಚುತ್ತಿದ್ದ ಹಾಗೆ. "ಹಲೋ… ಹ್ಞಾಂ… ನಮಸ್ಕಾರ್ರೀ…" ನಿಲ್ಲಬೇಕಾದಲ್ಲಿ ನಿಂತರು, ಎಳೆಯಬೇಕಾದಲ್ಲಿ ಎಳೆದರು. ಗೋದಾಬಾಯಿ ಬಂದರು, ಎಣ್ಣೆ ಬಂತು, ಹಪ್ಪಳ ಬಂತು. ಒಂದೂ ತಪ್ಪಿರಲಿಲ್ಲ. ಅವಳು ಕಾದಳು. ಹಪ್ಪಳದ ಆಚೆ ಬರಬಹುದು, ಉದ್ದಿನ ಹತ್ತಿರ ಬರಬಹುದು ಎಂದು ಕಾದಳು. ಬಂದದ್ದು ನಾಟಕದ ಆಚಾರಿ ಒಬ್ಬ, ಮೂಗಿನಲ್ಲಿ ಮಾತಾಡುವವನು, ಯಾರ ಅಪ್ಪನೂ ಅಲ್ಲದವನು. "ಮನಿ ಪೂರಾ ಸುಟ್ಟದ. ನಿಮಗ್ಯಾಕ ಸುಮ್ಮನ ತ್ರಾಸ," ಎಂದು ಬೆರಳಿನ ಫೋನು ಕೆಳಗಿಟ್ಟಾಗ ಶಿವದೇವಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಪ್ರಫುಲ್ಲಾಳೂ ನಕ್ಕಳು. ಒಂದಿಷ್ಟು ತಡವಾಗಿ ನಕ್ಕಳು.

ಬಸವಲಿಂಗಪ್ಪನವರು ಏದುಸಿರು ಬಿಡುತ್ತ ಕೂತರು. "ಆಗಲಿಲ್ಲ, ಹೌದಲ್ಲ?"

"ಇಲ್ರಿ ಕಾಕಾ. ಭಾಳ ಛಲೋ ಆತು."

"ನೀ ನಗಾಕತ್ತೀಯಲ್ಲ. ಹಂಗಾದ್ರ ಅದು ರಾಯರಲ್ಲ." ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. "ಹಲ್ಲಿಂದೇನೂ ತಪ್ಪಿಲ್ಲವಾ. ನಾ ಮಂದಿಗೆ ನಗಿ ಬರೂವಷ್ಟ ತಗೊಂಡಿದ್ದೆ ಅವರ ಕಡಿಂದ. ಅಷ್ಟಽ ಬೇಕಾಗಿತ್ತು ನನಗ. ಉಳಿದದ್ದು ಅವರ ಕಡೇನ ಇತ್ತು, ಅವರ ಜೋಡೀನ ಹೋತು."

ಹೊರಗೆ ಕಬ್ಬಿಣ ಕೊಯ್ಯುವ ಮಶೀನು ನಿಂತು ಮತ್ತೆ ಶುರುವಾಯಿತು. ಮುದುಕರ ಮುಖ ಸಣ್ಣದಾಗಿತ್ತು. ತಾನು ಬಂದು ಅವರಿಂದ ಇದನ್ನೂ ಕಸಿದೆನಲ್ಲ ಎನಿಸಿ ಪ್ರಫುಲ್ಲಾ, ಬಿಸ್ಕಿಟ್ ತಿನ್ನಿರಿ, ಹಣ್ಣಿನ ಬಿಸ್ಕಿಟ್, ಮೆತ್ತಗಿರುತ್ತವೆ, ಹಲ್ಲಿಗೆ ತ್ರಾಸಿಲ್ಲ ಎಂದೆಲ್ಲ ಏನೇನೋ ಅಂದಳು. ಶಿವದೇವಿ ಕುಂಕುಮ ಹಚ್ಚಿ ಕುಪ್ಪಸದ ಖಣ ಕೊಟ್ಟರು. "ಮುಂದಿನ ಸಲ ಕಾರ್ಡ್ ತಗೊಂಡಽ ಬಾ," ಎಂದರು. "ಯಾರದರೆ ಇರ್ಲಿ."

ಬೇಡವೆಂದರೂ ಕೇಳದೆ ಬಸವಲಿಂಗಪ್ಪನವರು ಕೋಲು ಹಿಡಿದು ರೋಡಿನ ತನಕ ಬಂದರು. ಬಸ್ಸಿಗೆ ಬೇಡ, ಹೊತ್ತಾಗುತ್ತದೆ, ಆಟೋದಲ್ಲೇ ಹೋಗಬೇಕು ಎಂದು ಹಟ ಮಾಡಿ, ಹೋಗಿ ಬರುವ ಆಟೋಗಳಿಗೆಲ್ಲ ಕೋಲು ತೋರಿಸಿದರು. ಮಂಡಿಯ ಡಾಕ್ಟರನನ್ನು ಬೈದರು, ಹೊಸದಾಗಿ ಅಗೆದ ರಸ್ತೆಯನ್ನು ಬೈದರು. ಕೊನೆಗೆ ನರೆತ ಗಡ್ಡದವನೊಬ್ಬ ನಿಲ್ಲಿಸಿದ. ಹಿಮಾಯತ್‌ನಗರ ಎಂದು ಒಪ್ಪಿಸಿದ್ದಾಯಿತು. ಪ್ರಫುಲ್ಲಾ ಹತ್ತಿ ಕೂತು, ಖಣವನ್ನು ಪರ್ಸಿನೊಳಗೆ ತುರುಕುತ್ತ, "ಬರ್ತೀನ್ರಿ ಕಾಕಾ, ಇನ್ನ ನೀವು ಒಳಗ ಹೋಗ್ರಿ," ಎಂದಳು.

"ಹ್ಞೂಂ, ಹೋಗಿ ಫೋನ್ ಹಚ್ಚು," ಎಂದರು ಅವರು, ಅತ್ತಿತ್ತ ನೋಡುತ್ತ. ಆಮೇಲೆ ಆಟೋದ ಚಪ್ಪರದ ಮೇಲೆ ಕೈಯಿಟ್ಟರು. ಒಮ್ಮೆ ಕೆಮ್ಮಿದರು. ಚಾಲಕನ ಕಡೆ ಬಗ್ಗಿದರು.

"ಜರಾ ಆಹಿಸ್ತಾ ಮಿಯಾಂ. ಬಚ್ಚೀ ಬೈಠೀ ಹೈ."

"ಜೀ ಸಾಬ್," ಎಂದ ಚಾಲಕ.

ಪ್ರಫುಲ್ಲಾಳ ಕೈ ಪರ್ಸಿನೊಳಗೇ ನಿಂತಿತು. ಕಾಲು ನೆಲಕ್ಕೆ ಎಟುಕುತ್ತಿಲ್ಲ, ಮುಂದಿನ ಸರಳನ್ನು ಗಟ್ಟಿಯಾಗಿ ಹಿಡಿಯಬೇಕು, ಇಲ್ಲದಿದ್ದರೆ ಜಾರುತ್ತೇನೆ ಎನಿಸಿ ಸರಳು ಹಿಡಿದಳು. ತಲೆ ಹೊರಗೆ ಹಾಕಿ ಹಿಂದೆ ನೋಡಿದಾಗ ಬಸವಲಿಂಗಪ್ಪನವರು ಆಗಲೇ ತಿರುಗಿದ್ದರು. ಗೇಟಿನ ಹತ್ತಿರ ಮಲಗಿದ್ದ ನಾಯಿಗೆ ಕೋಲು ಎತ್ತಿ, ಹೊಸ ಹಲ್ಲಿನ ಶಿಳ್ಳೆಯಲ್ಲಿ, ಮತ್ತೆ ತಮ್ಮದೇ ದನಿಯಲ್ಲಿ ಬೈಯುತ್ತಿದ್ದರು. ಆಟೋ ಹೊರಟಿತು. ಚಾಲಕ ಮೇಲಿನ ಕನ್ನಡಿಯನ್ನು ಒಂದಿಷ್ಟು ಬಗ್ಗಿಸಿ ಕೂಸನ್ನು ಹುಡುಕಿದ. ಸೀಟಿನ ಆಚೆ ಮೂಲೆ ನೋಡಿದ, ಅವಳ ಮಡಿಲು ನೋಡಿದ, ಆಮೇಲೆ ಅವಳ ಬಿಳಿಕೂದಲು, ಅವಳ ಮುಖ. ಸೇತುವೆಯ ಮೊದಲು ರಸ್ತೆಯಲ್ಲಿ ಒಂದು ದೊಡ್ಡ ಉಬ್ಬು ಬಂತು. ಹಿಂದಿನ ಲಾರಿ ಹಾರ್ನ್ ಹೊಡೆಯುತ್ತಲೇ ಇದ್ದರೂ ಅವನು ವೇಗ ತೀರ ಇಳಿಸಿ, ಮುಂದಿನ ಗಾಲಿಯನ್ನು ಮೆಲ್ಲಗೆ ಹತ್ತಿಸಿ, ಹಿಂದಿನವನ್ನು ಅದಕ್ಕಿಂತ ಮೆಲ್ಲಗೆ ಇಳಿಸಿದ.